ಫಿಚ್ಯೂ ಮೇಲೆ ಹೊರಿಸಿದ ಕಳ್ಳತನ

ಈನಕ್ ಪಾರ್ಡೋನಂಥ ನಾಚಿಕೆಗೇಡಿ ನಮ್ಮ ಕ್ಲನ್ ಕಣಿವೆಯಲ್ಲಿ ಇನ್ನೊಬ್ಬ ಹುಟ್ಟಿಲ್ಲ. ಜಮೀನ್ದಾರರ ಬೇಟೆಕಾಡಿಗೆ ಅವನು ಕಾವಲುಗಾರ. ಕಾಯಬೇಕಾದ ಫೆಸೆಂಟ್ ಹಕ್ಕಿಗಳನ್ನು ತಾನೇ ಹಿಡಿದು ಲಡ್ಲೋ ಸಂತೆಗೆ ಸಾಗಿಸುತ್ತಿದ್ದ. ಒಡೆಯರು ಕೇಳಿದರೆ, "ಫಿಚ್ಯೂ ತಿಂದ್ಹಾಕ್ತು ಸ್ವಾಮಿ" ಎನ್ನುತ್ತಿದ್ದ.

ಫಿಚ್ಯೂ ಎಂದರೆ ಮುಂಗುಸಿಯಂಥದೇ ಒಂದು ನಾರುವ ಕಾಡುಪ್ರಾಣಿ. ಅದರ ತುಪ್ಪಳಕ್ಕೂ ಅದೇ ಹೆಸರು. ಜಗಳಕ್ಕೆ ನಿಂತ ಗಂಡಸರು ಹೆಂಗಸರನ್ನು ಬೈಯುವುದಕ್ಕೂ ಅದೇ. ನಮ್ಮ ಕಣಿವೆಯಲ್ಲಿ ಅದರ ಸಂತಾನ ಎಂದೋ ಮುಗಿದಿತ್ತು. ಪಾರ್ಡೋ ಮಾತ್ರ ಹುಳ ಹಿಡಿದ ಒಂದೇ ಹಳೇ ತೊಗಲನ್ನು ಇವತ್ತು ಈ ಕೊಟ್ಟಿಗೆಗೆ, ನಾಳೆ ಆ ಕೊಟ್ಟಿಗೆಗೆ ಮೊಳೆ ಹೊಡೆದು, "ಇನ್ನೊಂದನ್ನ ಕೊಂದೆ" ಎಂದು ನಮ್ಮ ಕುಲುಮೆಗೆ ಬಂದು ಮೀಸೆ ತಿರುವುತ್ತಿದ್ದ. ನಾವು ಮುಖ ತಿರುಗಿಸಿ ನಗುತ್ತಿದ್ದೆವು.

ಒಡೆಯರು ತೀರಿಕೊಂಡ ಮೇಲೆ ಅವರ ಹೆಂಡತಿ ವೈಲ್ಡಿಂಗ್ ಅಮ್ಮನವರು, "ಅಷ್ಟೊಂದು ಕೊಂದಿದೀಯಲ್ಲ, ನನ್ನ ಕೊರಳಿಗೊಂದು ಒಳ್ಳೇ ತುಪ್ಪಳ ತಂದುಕೊಡು" ಎಂದರು. ಪಾರ್ಡೋ ಹತ್ತಿರ ಇದ್ದದ್ದು ಆ ಹುಳ ಹಿಡಿದ ತೊಗಲೊಂದೇ. ಅವನ ಹೆಂಡತಿ ಥರ್ಜಾ ಎಡಗಿವಿ ಹರಿದ ಒಂದು ಫೆರೆಟ್ ಸಾಕಿದ್ದಳು. ಫಿಚ್ಯೂವಿನದೇ ಜಾತಿ, ಬಣ್ಣವೂ ಅದೇ. ಅದನ್ನು ಬಿಲಕ್ಕೆ ಬಿಟ್ಟು ಮೊಲ ಹಿಡಿದೇ ಅವಳು ಮನೆ ನಡೆಸುತ್ತಿದ್ದಳು. ಅವಳು ಬಟ್ಟೆ ಒಗೆಯಲು ಹೊಳೆಗೆ ಹೋಗಿದ್ದಾಗ ಆ ಹೇಡಿ ಅದರ ಕತ್ತು ಮುರಿದ.

"ತಪ್ಪಿಸಿಕೊಂಡು ಹೋಯ್ತು ಕಣೇ" ಎಂದ. ಪಾಪ, ಅವಳು ಹೊದರು ಹೊದರಿನಲ್ಲೂ ಹುಡುಕಿದಳು.

ಮುಂದೊಂದು ಭಾನುವಾರ ಚರ್ಚಿನ ಬಾಗಿಲಲ್ಲಿ ಅಮ್ಮನವರ ಕೊರಳಲ್ಲಿ, ತಲೆಸಮೇತ ಹದ ಮಾಡಿದ ತುಪ್ಪಳ ಕಂಡಿತು. ಎಡಗಿವಿ ಹರಿದಿತ್ತು. ಗಂಡನ ಜೊತೆ ಬಂದಿದ್ದ ಥರ್ಜಾ ನಿಂತುಬಿಟ್ಟಳು.

"ಅಮ್ಮಾವ್ರೇ, ಇದು ನಿಮ್ಮ ಒಂದು ಹಕ್ಕೀನೂ ಮುಟ್ಟಿಲ್ಲ. ಇದು ನಂಗೆ ಅನ್ನ ಹಾಕಿದ್ದು. ನಿಮ್ಮ ಹಕ್ಕಿಗಳೆಲ್ಲಿ ಹೋದ್ವು ಅಂತ ಇವನನ್ನ ಕೇಳಿ. ಲಡ್ಲೋ ಗಾಡಿಯೋರನ್ನ ಬೇಕಾದ್ರೂ ಕೇಳಿ."

"ಬಾಯ್ಮುಚ್ಚೇ, ಫಿಚ್ಯೂ!" ಎಂದು ಕಿರುಚಿದ ಪಾರ್ಡೋ.

"ಈಗ್ಲೂ ಅದರ ಮೇಲೇ ಹಾಕ್ತೀಯೇನೋ?" ಎಂದಳು ಅವಳು. ಇಡೀ ಊರು ಗೊಳ್ಳೆಂದಿತು. ಅಮ್ಮನವರು ತುಪ್ಪಳ ಬಿಚ್ಚಿ ಥರ್ಜಾಳ ಕೈಗಿಟ್ಟು, ಪಾರ್ಡೋನತ್ತ ನೋಡದೆ ಒಳಗೆ ಹೋದರು. ಸಂಜೆಯೊಳಗೆ ಅವನ ಕೆಲಸ ಹೋಯಿತು. ಥರ್ಜಾ ಅವನ ಬೂಟುಗಳನ್ನು ಬೀದಿಗೆಸೆದಳು.

ಆ ಚಳಿಗಾಲದಲ್ಲಿ ಅವನು ಅವಳ ಬಾಗಿಲಿಗೆ ಬಂದದ್ದನ್ನು ನಾನೇ ಕಂಡೆ.

"ಹೊಟ್ಟೆ ಹಸೀತಿದೆ ಕಣೇ, ಥರ್ಜಾ."

ಅವಳು ಒಳಗೆ ಕರೆಯಲಿಲ್ಲ. ಬೇಯಿಸಿದ ಟರ್ನಿಪ್ ಗಡ್ಡೆಯ ಬಟ್ಟಲನ್ನು ಹೊಸ್ತಿಲ ಮೇಲಿಟ್ಟಳು. ನಿಂತಲ್ಲೇ ಗಬಗಬನೆ ತಿಂದ ಮಹಾಶಯ, ಬಟ್ಟಲು ನೆಕ್ಕಿ ಮುಗಿಸಿ, "ಉಪ್ಪು ಸಾಲದು" ಎಂದ.