ಖಂಡೇಪೂಜೆಯ ಮರುದಿನ ಸಂಗಪ್ಪನವರು

ಹೊಸ ಫೋನಿಗೆ ತಂತಿ ಸಿಕ್ಕಿಸಿದ ಮೇಲೆ ಸಂಗಪ್ಪನವರು ಅದರ ಮುಂದೆ ಬೀಗರೆದುರು ನಿಂತವರಂತೆ ಕೈಕಟ್ಟಿ ನಿಲ್ಲುತ್ತಿದ್ದರು. ಪರದೆ ಬೆಳಗಿ ನಂಬರು ಮೂಡುವತನಕ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಅವಸರ ಮಾಡಿದ ನರ್ಸೊಬ್ಬರಿಗೆ ಹೇಳಿದ್ದರು: "ಈಗರೆ ಏಳಾಕತ್ತೈತ್ರಿ. ತಾ ಯಾರು ಅಂತ ಮೊದಲ ಅದು ಹೇಳ್ಲಿ, ಆಮ್ಯಾಲ ನಾವು ಮಾತಾಡೂಣು."

ಇಳಕಲ್ಲಿನ ಆ ದವಾಖಾನೆಯಲ್ಲಿ ನಾನು ಹದಿನಾಲ್ಕು ವರ್ಷ, ಕರೆಗಳನ್ನು ಕೋಣೆಕೋಣೆಗೆ ಜೋಡಿಸಿಕೊಡುತ್ತ ಟೆಲಿಫೋನ್ ಬೋರ್ಡಿನ ಮುಂದೆ ಕೂತವಳು. ಎರಡು ಸಾವಿರದ ಎಂಟರ ಸುಮಾರಿಗೆ ಇಂಟರ್‌ನೆಟ್ ಫೋನುಗಳು ಬರುತ್ತವೆಂದೂ, ತಿಂಗಳ ಕೊನೆಗೆ ಬೋರ್ಡಿನ ಜೊತೆ ನನ್ನ ಕೆಲಸವೂ ಮುಗಿಯುತ್ತದೆಂದೂ ಮ್ಯಾನೇಜರ್ ತಿಳಿಸಿದರು. ನಮ್ಮ ಮನೆಯ ಮಗ್ಗ ನಿಂತು ಮೂರು ವರ್ಷವಾಗಿತ್ತು. ಒಲೆ ಉರಿಯುತ್ತಿದ್ದುದು ನನ್ನ ಪಗಾರದಿಂದ. ಹೀಗಿರುವಾಗ, ಬೋರ್ಡು ಕಿತ್ತು ಹೊಸ ಫೋನು ಕೂರಿಸಲೆಂದೇ ಹುನಗುಂದದಿಂದ ದಿನಾ ಬಸ್ಸಿಗೆ ಬರುವ ಈ ಸಂಗಪ್ಪನವರನ್ನು ಕಂಡರೆ ಮೈ ಉರಿಯದೆ ಇದ್ದೀತೆ? ಅವರು ಏನು ಕೇಳಿದರೂ ಹಾಂ, ಹೂಂ ಅಂದು ಮುಗಿಸುತ್ತಿದ್ದೆ.

ಅವರಿಗೆ ಅದೊಂದೂ ತಾಕುತ್ತಿರಲಿಲ್ಲ. ಮೊದಲು ಕಂಬ ಹತ್ತುವ ಲೈನ್‌ಮನ್ ಆಗಿದ್ದವರು; ಐವತ್ತರ ಹತ್ತಿರ ಬಂದ ಮೇಲೆ ಪುಸ್ತಕ ಓದಿ ಈ ಹೊಸ ವಿದ್ಯೆ ಕಲಿತಿದ್ದರು. ಎಲ್ಲ ತಂತಿಗಳೂ ಬಂದು ಸೇರುವ ಸ್ವಿಚ್ ಎಂಬ ಪೆಟ್ಟಿಗೆಯ ಮುಂದೆ, ಚಪ್ಪಲಿ ಹೊರಗೆ ಬಿಟ್ಟು ನೆಲದ ಮೇಲೆ ಕೂರುತ್ತಿದ್ದರು. ಕೇಳದಿದ್ದರೂ ನನಗೆ ವಿವರಿಸುತ್ತಿದ್ದರು. ಕಂಪ್ಯೂಟರಿಗೂ ಫೋನಿಗೂ ಒಂದೇ ತಂತಿ. ಫೋನು ತಾನು ಫೋನೆಂದು ಹೇಳಿಕೊಂಡ ಕೂಡಲೇ ಸ್ವಿಚ್ಚು ಗುರುತಿಸಿ, ಬಸ್ಸಿನಲ್ಲಿ ಬಾಣಂತಿಗೆ ಜಾಗ ಬಿಡುವ ಹಾಗೆ ಮಾತಿಗೆ ಬೇರೆ ದಾರಿ ಬಿಡುತ್ತದೆ. ಆಗ ಮಾತು ತುಂಡಾಗುವುದಿಲ್ಲ. ಯಾವ ಕೋಣೆಯಲ್ಲಿ ಸಿಕ್ಕಿಸಿದರೂ ಫೋನು ನಡೆಯಬೇಕೆಂದು ಅವರು ಸ್ವಿಚ್ಚಿನಲ್ಲಿ ತಂತಿ ಸಿಕ್ಕಿಸುವ ಒಂದೊಂದು ಕಿಂಡಿಗೂ ಈ ಏರ್ಪಾಡು ಮಾಡಿದ್ದರು. ನಾನು ಬೇಕೆಂದೇ ಆಕಳಿಸುತ್ತಿದ್ದೆ.

ಬೋರ್ಡು ನಿಂತು ಹೊಸ ಫೋನುಗಳು ನಡೆಯತೊಡಗಿದ್ದವು, ಅಷ್ಟರಲ್ಲಿ ಖಂಡೇಪೂಜೆ, ಅಂದರೆ ಆಯುಧಪೂಜೆ, ಬಂತು. ದವಾಖಾನೆಯ ಕತ್ತರಿ, ಸ್ಟೆತಾಸ್ಕೋಪುಗಳ ಜೊತೆ ಈ ಸಲ ಹೊಸ ಫೋನುಗಳನ್ನೂ ಬಿಚ್ಚಿ ತಂದು, ಹಸಿ ಬಟ್ಟೆಯಿಂದ ಒರೆಸಿ, ವಿಭೂತಿ ಕುಂಕುಮ ಹಚ್ಚಿ ಸಾಲಾಗಿ ಇಟ್ಟರು. ಒರೆಸುವಾಗ, ಯಾವ ಕೋಣೆಯದೆಂದು ಬರೆದು ಅಂಟಿಸಿದ್ದ ಚೀಟಿಗಳೂ ಕಿತ್ತುಹೋದವು. ಪೂಜೆ ಮುಗಿದ ಮೇಲೆ ಕೈಗೆ ಸಿಕ್ಕಿದ್ದನ್ನು ಸಿಕ್ಕ ಕೋಣೆಗೆ ಒಯ್ದರು. ಹಳೆಯ ಫೋನಿನ ನಂಬರು ಗೋಡೆಯ ತಂತಿಯದು, ಹೊಸದರ ನಂಬರು ಫೋನಿನ ಜೊತೆಗೇ ನಡೆಯುತ್ತದೆ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಆಪರೇಷನ್ ಕೋಣೆಯಿಂದ ರಕ್ತ ಬೇಕೆಂದು ಡಾಕ್ಟರು ಫೋನು ಮಾಡಿದರೆ ಅಡುಗೆಮನೆಯ ಫಕೀರವ್ವ ಎತ್ತಿದಳು. ಮ್ಯಾನೇಜರ್ ಕೆಂಡವಾದರು. ರಕ್ತವನ್ನು ಒಬ್ಬರು ಓಡಿಹೋಗಿ ತಂದರೆನ್ನಿ. ಖರೆ ಹೇಳುತ್ತೇನೆ, ನನಗೆ ಒಳಗೊಳಗೇ ಖುಷಿಯಾಯಿತು. ಇದು ಹೀಗೇ ಕೆಟ್ಟರೆ ಬೋರ್ಡು ತಿರುಗಿ ಬರುತ್ತದೆ, ನನ್ನ ಕೆಲಸ ಉಳಿಯುತ್ತದೆ.

ಸುದ್ದಿ ಕೇಳಿ, ಹಬ್ಬ ಬಿಟ್ಟು ಸಿಕ್ಕ ಬಸ್ಸಿಗೆ ಓಡಿಬಂದ ಸಂಗಪ್ಪನವರು ಒರೆಸಿದವರನ್ನು ಬೈಯಬಹುದಿತ್ತು, ಬೈಯಲಿಲ್ಲ. ಎಲ್ಲರ ಎದುರು ಮ್ಯಾನೇಜರಿಗೆ ಹೇಳಿದರು: "ತಪ್ಪು ನಂದರಿ. ನಾನೂ ಇದ ಸೀಮ್ಯಾಗ ಹುಟ್ಟಿದಾಂವ, ಖಂಡೇಪೂಜಿ ನೆನಪಿಟ್ಟು ಕೆಲಸ ಮಾಡಬೇಕಿತ್ತು."

ಆ ಮಾತು ಕೇಳಿ ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಹೋಗಿ ಅವರ ಪಕ್ಕ ನೆಲದ ಮೇಲೆ ಕೂತೆ. ಒಂದೊಂದೇ ನಂಬರು ಒತ್ತಿ, ಅತ್ತಲಿಂದ "ಹಲೋ" ಅನ್ನುತ್ತಲೇ ಅದು ಯಾರು, ಅವರು ಕೂರುವ ಕೋಣೆ ಯಾವುದು ಎಂದು ಹೇಳುತ್ತ ಹೋದೆ. ಹದಿನಾಲ್ಕು ವರ್ಷ ಕೇಳಿದ ದನಿಗಳು, ತಪ್ಪುವ ಮಾತೇ ಇರಲಿಲ್ಲ. ನಾನು ಹೇಳಿದಂತೆ ಅವರು ಕೂತಲ್ಲೇ ನಂಬರು ಬದಲಿಸಿದರು. ಮುಕ್ಕಾಲು ತಾಸಿನಲ್ಲಿ ಎಲ್ಲ ಸರಿಹೋಯಿತು.

ಕೆಲಸ ಪೂರೈಸಿದೆಯೆಂದು ಸಹಿ ಹಾಕುವ ದಿನ ಸಂಗಪ್ಪನವರು ಪೆನ್ನು ಎತ್ತಲಿಲ್ಲ. "ಫೋನು ಬಂದೈತಿ ಅನ್ನೂದಷ್ಟ ಸ್ವಿಚ್ಚಿಗೆ ತಿಳಿತೈತ್ರಿ. ಅದರ ಮುಂದ ಯಾರು ಕುಂತಾರ ಅನ್ನೂದು ಈ ಅಕ್ಕಾರಿಗೆ ತಿಳಿತೈತಿ. ಇವರನ್ನ ಬಿಡಿಸಿದ್ರ ನಾ ಸಹಿ ಮಾಡಂಗಿಲ್ಲ," ಅಂದರು. ಮ್ಯಾನೇಜರ್ ಎರಡು ದಿನ ಗುರ್ರೆಂದು, ಮೂರನೆಯ ದಿನ ಒಪ್ಪಿದರು. ಫೋನುಗಳನ್ನು ನೋಡಿಕೊಳ್ಳುವ ಕೆಲಸ ನನ್ನದಾಯಿತು.

ಒಂದು ತಿಂಗಳು ಕಲಿಸಿದರು. ಕೊನೆಯ ದಿನ ಸ್ವಿಚ್ಚಿನ ಪಾಸ್‌ವರ್ಡ್ ಬದಲಿಸಲು ನನ್ನನ್ನೇ ಕೂರಿಸಿ, ತಾವು ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತರು. ನೋಡಿದರೇನಾಯಿತು ಎಂದು ಕೇಳಿದೆ. "ಇನ್ನ ಇದು ನಿಮ್ಮದು. ನನಗ ಗೊತ್ತಿರಬಾರದ್ರಿ," ಅಂದರು. ನಾನು ಮುಗಿಯಿತೆನ್ನುವವರೆಗೆ ಅವರು ತಿರುಗಲಿಲ್ಲ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು.

ಅಷ್ಟು ಚೆನ್ನಾಗಿ ಕಲಿಸಿದ್ದರಿಂದ ಅವರನ್ನು ಮತ್ತೆ ಕರೆಸುವ ಪ್ರಸಂಗವೇ ಬರಲಿಲ್ಲ. ಎರಡು ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ಏನಾದರೊಂದು ಕೆಟ್ಟಿದೆಯೆಂದು ಸುಳ್ಳು ಹೇಳಿಯಾದರೂ ಒಮ್ಮೆ ಕರೆಸಬೇಕಿತ್ತು.