ಚೀಲದ ತಳದ ಚೀಟಿ

ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ನಾನು ಶಿಕಾರಿಪುರದ ಒಂದು ಕೋಳಿ ಆಹಾರದ ಘಟಕಕ್ಕೆ ಸೇರಿದಾಗ, ಅಲ್ಲಿ ಕಡತ ಎಂದರೆ ಗೋಡೆಗೆ ತೂಗುಹಾಕಿದ ಒಂದು ತಂತಿ. ಬಂದ ಕಾಗದವನ್ನೆಲ್ಲ ಅದಕ್ಕೇ ಚುಚ್ಚುತ್ತಿದ್ದರು. ಗೋವಿನಜೋಳ ಸುತ್ತಲಿನ ಹೊಲಗಳಿಂದ ಬರುತ್ತಿತ್ತು. ಜೋಳದಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಅಮೈನೋ ಆಮ್ಲ ಮಾತ್ರ ಹೊರದೇಶದಿಂದ ಹಡಗಿನಲ್ಲಿ ಬರಬೇಕಿತ್ತು. ಅದರ ಕಾಗದಪತ್ರ ನನ್ನ ಪಾಲಿಗೆ ಬಂತು.

ನಾನು ತರಿಸಿದ ಮೊದಲ ಸರಕೇ ಬಂದರಿನಲ್ಲಿ ನಿಂತುಬಿಟ್ಟಿತು. ಕಸ್ಟಮ್ಸ್ ಅಧಿಕಾರಿಯ ಪ್ರಶ್ನೆ ನ್ಯಾಯವಾಗಿಯೇ ಇತ್ತು. ಇದೇ ಪುಡಿಯ ಬೇರೆ ದರ್ಜೆ ಔಷಧಿಗೂ ಹೋಗುತ್ತದೆ, ಅದಕ್ಕೆ ಬೇರೆಯದೇ ನಿಯಮಗಳಿವೆ. ನಾವು ತರಿಸುತ್ತಿರುವುದು ಪಶು ಆಹಾರದ ದರ್ಜೆಯದೇ ಆದರೆ, ಹಿಂದಿನ ಸರಕಿನ ಪ್ರಯೋಗಾಲಯ ವರದಿಯನ್ನೂ ಅದರ ಚೀಲಕ್ಕೆ ಹೊಲಿದಿದ್ದ ಮೂಲ ಚೀಟಿಯನ್ನೂ ತೋರಿಸಬೇಕು. ಎರಡರ ಬ್ಯಾಚ್ ಸಂಖ್ಯೆಯೂ ಒಂದೇ ಇರಬೇಕು. ಒಂದು ವಾರದ ಗಡುವು. ತಪ್ಪಿದರೆ ಸರಕು ವಾಪಸ್. ಆಮದಿನ ಘೋಷಣಾ ಪತ್ರದ ಕೆಳಗಿದ್ದದ್ದು ನನ್ನ ಸಹಿ.

ವರದಿ ತಂತಿಯಲ್ಲಿ ಸಿಕ್ಕಿತು. ಚೀಲಗಳು ಎಲ್ಲಿ ಎಂದು ಮಾಲೀಕರನ್ನು ಕೇಳಿದೆ.

“ಖಾಲಿ ಚೀಲ ಇಟ್ಕೊಂಡು ಪೂಜೆ ಮಾಡ್ಬೇಕಿತ್ತೇನ್ರೀ ಮೇಡಂ?” ಅವರು ನಕ್ಕರು. “ಗಟ್ಟಿ ಚೀಲ ರೀ ಅವು. ಜೋಳ ಹಾಕಾಕ್ ಬಂದೋರು ಒಂದು ಕೊಡ್ರಿ, ಎರಡು ಕೊಡ್ರಿ ಅಂತಾರ. ಇಲ್ಲ ಅನ್ನಾಕಾಗ್ತದೇನು?”

ಖಾಲಿ ಚೀಲ ಕೇಳಿದವರನ್ನು ಬರಿಗೈಯಲ್ಲಿ ಕಳಿಸದಿರುವುದು ಅವರ ತಂದೆಯ ಕಾಲದ ಪದ್ಧತಿ. ಯಾರು ಯಾರು ಒಯ್ದರೆಂದು ಹಮಾಲರನ್ನು ಕೇಳಿ ಬರೆದುಕೊಂಡೆ. ಮರುದಿನದಿಂದ ಸ್ಕೂಟರ್ ಹತ್ತಿದೆ.

ಅಂಬ್ಲಿಗೊಳದ ಕಡೆ ಸಿಕ್ಕ ಚೀಲಗಳಲ್ಲಿ ಸಗಣಿಗೊಬ್ಬರ ತುಂಬಿತ್ತು, ಚೀಟಿ ಕೊಳೆತಿತ್ತು. ಕುಬಟೂರಿನಲ್ಲಿ ಒಬ್ಬರು ಚೀಲದ ಹೊಲಿಗೆಗಳನ್ನೆಲ್ಲ ಬಿಚ್ಚಿ ಹುಲ್ಲಿನ ಬಣವೆಗೆ ಹೊದಿಸಿದ್ದರು. ಚೀಟಿ ಎಲ್ಲೆಂದರೆ, ಒಲೆಗೆ ಹಾಕಿದ್ದಾಗಿ ಹೇಳಿದರು. ಹೀಗೆ ಮೂರು ದಿನ ಹೋದವು.

ನಾಲ್ಕನೆಯ ದಿನ ಕುಪ್ಪಗಡ್ಡೆಯಲ್ಲಿ ಮಳೆ. ರಸ್ತೆ ಬದಿಯ ಗದ್ದೆಯಲ್ಲಿ ಹೆಂಗಸರು ಸಾಲಾಗಿ ನಿಂತು ನಾಟಿ ಮಾಡುತ್ತಿದ್ದರು. ಒಬ್ಬಾಕೆ ಮಳೆಗೆ ಹೊದ್ದ ಗೋಣಿಕೊಪ್ಪೆಯ ಮೇಲೆ ಲೈಸಿನ್ ಚೀಲಗಳಿಗಿರುವ ನೀಲಿ ಪಟ್ಟಿ ಇತ್ತು. ನಮ್ಮದೇ ಚೀಲ. ತಳದ ಒಂದು ಮೂಲೆಯನ್ನು ಇನ್ನೊಂದರ ಒಳಕ್ಕೆ ತಳ್ಳಿ, ತಲೆಯಿಂದ ಬೆನ್ನಿನವರೆಗೆ ಇಳಿಬಿಟ್ಟುಕೊಂಡಿದ್ದರು.

“ಅಕ್ಕಾ, ನಿಮ್ಮ ಕೊಪ್ಪೆ ಸ್ವಲ್ಪ ನೋಡ್ಬಹುದಾ?”

“ನೋಡು. ತಲೆ ಮೇಲೇ ಐತಲ್ಲ.”

“ಬಿಚ್ಚಿ ನೋಡ್ಬೇಕಿತ್ತು.”

“ಅಲ್ಲೀ ತನ್ಕ ನಾನು ನೆನೀತಾ ನಿಂತಿರ್ಲೇನೇ ತಂಗಿ?”

ಸಾಲಿನ ಕೊನೆಯಿಂದ ಇನ್ನೊಬ್ಬರು ಕೂಗಿದರು: “ಕೊಡೇ ಮಾರಾಯ್ತಿ! ಕೊಪ್ಪೆ ಮಡಚದು ಕಲಿಯಾಕೆ ಪ್ಯಾಟೆಯಿಂದ ಬಂದೈತೆ ಹುಡುಗಿ!”

ಎಲ್ಲರೂ ನಕ್ಕರು. ನಾನು ರೈನ್‌ಕೋಟ್ ಬಿಚ್ಚಿ ಕೊಪ್ಪೆ ಹೊದ್ದವರತ್ತ ಚಾಚಿದೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. “ಇದ್ರ ಗುಂಡಿ ಹಾಕೋದ್ರೊಳಗೆ ಮಳೆನೇ ನಿಂತೋಗ್ತದೆ” ಎಂದರು. ಆದರೂ ತೊಟ್ಟುಕೊಂಡು, ಕೊಪ್ಪೆ ತೆಗೆದುಕೊಟ್ಟರು.

ಮಡಿಕೆಯನ್ನು ಹೊರಕ್ಕೆಳೆದೆ. ತಳದ ಹೊಲಿಗೆಗೆ ಸೇರಿಸಿ ಹೊಲಿದ ಚೀಟಿ ಒಳಸೇರಿದ ಮೂಲೆಯಲ್ಲೇ ಇತ್ತು. ಅದಕ್ಕೆ ಬಿಸಿಲೂ ಮಳೆಯೂ ತಾಗಿರಲಿಲ್ಲ. ಪಶು ಆಹಾರಕ್ಕೆ ಮಾತ್ರ ಎಂಬ ಇಂಗ್ಲಿಷ್ ಸಾಲು ನಿಚ್ಚಳವಾಗಿತ್ತು. ಫೋನಿನಲ್ಲಿದ್ದ ವರದಿಯನ್ನು ತೆರೆದು ಬ್ಯಾಚ್ ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ಹೋಲಿಸಿದೆ. ಮತ್ತೆ ಕೊನೆಯಿಂದ ಮೊದಲಿಗೆ ಹೋಲಿಸಿದೆ. ಎರಡೂ ಒಂದೇ.

ಗದ್ದೆಯ ಬದುವಿನ ಮೇಲೆ ನೆನೆಯುತ್ತಾ ಗಟ್ಟಿಯಾಗಿ ನಕ್ಕುಬಿಟ್ಟೆ. ನಾನು ಹಾಗೆ ನಗುವವಳಲ್ಲ.

ರೈನ್‌ಕೋಟನ್ನು ಅವರಿಗೇ ಬಿಟ್ಟು, ಚೀಲವನ್ನೇ ಬಂದರಿಗೆ ಒಯ್ದೆ. ಅಧಿಕಾರಿ ಚೀಟಿಯನ್ನು ಓದಿದರು, ವರದಿಯನ್ನು ಓದಿದರು, ತಾವು ಪರೀಕ್ಷೆಗೆ ಕಳಿಸಿದ್ದ ಹೊಸ ಸರಕಿನ ಮಾದರಿಯ ಫಲಿತಾಂಶವನ್ನೂ ನೋಡಿದರು. ಗಡುವಿಗೆ ಒಂದು ದಿನ ಇರುವಾಗ ಬಿಡುಗಡೆಯ ಆದೇಶ ನನ್ನ ಕೈಯಲ್ಲಿತ್ತು. ಅದನ್ನು ತಂತಿಗೆ ಚುಚ್ಚಲಿಲ್ಲ.

ಲಾರಿ ಬಂದ ಬೆಳಿಗ್ಗೆ ಹಮಾಲರು ಹಗ್ಗ ಬಿಚ್ಚಿ ಮೊದಲ ಚೀಲಕ್ಕೆ ಕೈ ಹಾಕಿದರು.

“ಏಯ್, ತಡೀರೋ!” ಮಾಲೀಕರು ಕೂಗಿದರು. “ಮೇಡಂ ಚೀಟಿ ನೋಡಿ ಫೋಟೋ ಹೊಡ್ಯೋ ತನಕ ಒಂದೂ ಇಳಿಸಂಗಿಲ್ಲ.”

ಸಂಜೆ ಜೋಳ ತಂದ ರೈತರೊಬ್ಬರು ಎಂದಿನಂತೆ ಖಾಲಿ ಚೀಲ ಕೇಳಿದರು. ಮಾಲೀಕರು ನನ್ನತ್ತ ಕೈ ತೋರಿಸಿದರು. “ಅವ್ರನ್ನ ಕೇಳ್ರಿ. ಈಗ ಅವ್ರದೇ ಕಾನೂನು.”

ನಾನು ಕತ್ತರಿ ತೆಗೆದು, ಅಂದು ಖಾಲಿಯಾಗಿದ್ದ ಚೀಲದ ತಳದ ಚೀಟಿಯನ್ನು ಕತ್ತರಿಸಿಟ್ಟುಕೊಂಡೆ. ಚೀಲವನ್ನು ಅವರ ಕೈಗೆ ಕೊಟ್ಟೆ.