ಕಾಲೊನಿಯಿಂದ ಹೊರಡುವ ಬಸ್ಸು

ನಾನು ನಿವೃತ್ತನಾಗಲಿದ್ದ ವರ್ಷದ ಒಂದು ಸೋಮವಾರ, ಬೆಳಿಗ್ಗೆ ಏಳು ಗಂಟೆ. ಸಿಂಗಟಗೆರೆ ಕಡೆಯ ಒಂದು ಹಳ್ಳಿಯ ದಲಿತ ಕಾಲೊನಿಯಲ್ಲಿ ಬಸ್ಸಿನ ಪಕ್ಕ ನಿಂತಿದ್ದವರು ಮೂವರು: ಡ್ರೈವರ್, ಕಂಡಕ್ಟರ್ ಸಲೀಂ ಮತ್ತು ನಾನು. ಕಡೂರಿನ ಬಸ್ ಡಿಪೋದಲ್ಲಿ ನಾನು ಸಂಚಾರ ನಿರೀಕ್ಷಕನಾಗಿದ್ದೆ. ಯಾವ ಮಾರ್ಗದಲ್ಲಿ ಬಸ್ಸು ಇರಬೇಕು, ಯಾವುದನ್ನು ನಿಲ್ಲಿಸಬೇಕು ಎಂದು ಸ್ಥಳ ನೋಡಿ ವರದಿ ಕೊಡುವುದು ನನ್ನ ಕೆಲಸ.

ಈ ಬಸ್ಸನ್ನು ನಿಲ್ಲಿಸಿ ಎಂದು ಊರಿನ ಯಜಮಾನ ರುದ್ರಪ್ಪನವರು ಆಫೀಸಿಗೇ ಬಂದು ಹೇಳಿದ್ದರು. ಕಾಲೊನಿಯ ರಸ್ತೆ ಹಾಳಾಗಿದೆ, ಬಸ್ಸು ಪಲ್ಟಿಯಾದೀತು ಎಂಬುದು ಅವರ ದೂರು. ನನಗೆ ನಂಬಿಕೆ ಬರಲಿಲ್ಲ. ಬಸ್ಸು ಮೊದಲ ಸಲ ಬಂದ ದಿನ ಹಾರ ಹಾಕಿ, ತೆಂಗಿನಕಾಯಿ ಒಡೆದವರು ಅವರೇ. ಆಗ ಅದು ಊರ ಮುಂದಿನಿಂದಲೇ ಹೊರಡುತ್ತಿತ್ತು. ಅಲ್ಲಿ ತಿರುಗಿಸಲು ಜಾಗ ಸಾಲದೆ, ಕಾಲೊನಿಯ ಬಯಲಿನಿಂದ ಹೊರಡುವ ಹಾಗೆ ಮಾಡಿದ ಮೇಲೆ ದೂರು ಶುರುವಾಗಿತ್ತು.

ರಸ್ತೆಯನ್ನು ನಡೆದೇ ನೋಡಿದೆ. ಕಾಂಕ್ರೀಟ್ ಗಟ್ಟಿಯಾಗಿತ್ತು, ಒಂದು ಗುಂಡಿಯೂ ಇರಲಿಲ್ಲ. ವಾಪಸ್ ಬಂದು ಬಸ್ಸು ಹತ್ತಿದೆ. ಕಾಲೊನಿಯ ಹೆಂಗಸರು ಆಗಲೇ ಕುಳಿತಿದ್ದರು. ಅವರಲ್ಲಿ ಮಂಜುಳಾ ಎಂಬಾಕೆ ಕಡೂರಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೊಸದಾಗಿ ಸೇರಿದ್ದಳು.

"ಸಾರ್, ಇದು ನಿಂತ್ರೆ ನನ್ ಕೆಲ್ಸಾನೂ ನಿಂತಂಗೇ. ಎಂಟೂವರೆಗೆ ಗೇಟ್ ಹಾಕ್ಬಿಡ್ತಾರೆ."

ಊರ ಮುಂದೆ ಬಸ್ಸು ನಿಲ್ಲುತ್ತಿದ್ದಂತೆ ಕಿಟಕಿಯಿಂದ ಟವೆಲೊಂದು ಹಾರಿ ಬಂದು ಅವಳ ತೊಡೆಯ ಮೇಲೆ ಬಿತ್ತು. ಸೀಟು ಹಿಡಿಯುವ ಪದ್ಧತಿ ನಮ್ಮ ಕಡೆ ಹಾಗೆ. ಆದರೆ ಖಾಲಿ ಸೀಟಿಗೆ. ಮಂಜುಳಾ ಅದನ್ನು ಮಡಿಸಿ ಹೊರಕ್ಕೆ ಚಾಚಿದಳು.

"ತಗೊಳ್ಳಿ ಯಜಮಾನ್ರೇ, ಕೈ ಜಾರ್ತು ಅನ್ಸುತ್ತೆ."

ಹೊರಗಿದ್ದವರು ರುದ್ರಪ್ಪನವರು. ಹೆಂಡತಿ ಗೌರಮ್ಮನವರನ್ನು ಕಡೂರಿನ ಆಸ್ಪತ್ರೆಗೆ ಕಳಿಸಲು ಬಂದಿದ್ದರು. ಟವೆಲ್ ಕಸಿದುಕೊಂಡು ನನ್ನತ್ತ ತಿರುಗಿದರು.

"ನೋಡಿದ್ರಾ ಸಾರ್? ಹೆಂಗಸ್ರಿಗೆ ಫ್ರೀ ಅಂತ ಸುಮ್ನೆ ತಿರುಗಕ್ಕೆ ಹೊಂಟವ್ರೆ. ನಮ್ ದುಡ್ಡಲ್ಲಿ!"

"ನಿಮ್ಮ ಮನೆಯವರಿಗೂ ಫ್ರೀನೇ ಅಲ್ವಾ?"

"ಅದು ಬೇರೆ ಕಣ್ರೀ."

"ರಸ್ತೆ ಚೆನ್ನಾಗಿದೆ. ಬಸ್ಸು ನಿಲ್ಲಿಸಿದ್ರೆ ಇವರು ಆಸ್ಪತ್ರೆಗೆ ಹೇಗೆ ಹೋಗ್ತಾರೆ?"

"ಆಟೋ ಮಾಡ್ತೀನಿ. ಇಲ್ದಿದ್ರೆ ಹೋಗೋದೇ ಬೇಡ."

ಮಂಜುಳಾಳ ಪಕ್ಕದ ಸೀಟೊಂದೇ ಖಾಲಿಯಿತ್ತು. ಗೌರಮ್ಮ ಹತ್ತಿ ಕಂಬಿ ಹಿಡಿದು ನಿಂತರು. "ಮಂಡಿ ನೋವು ಸಾರ್, ಕೂತ್ರೆ ಜಾಸ್ತಿ" ಎಂದರು. ಅದನ್ನೂ ನಾನು ನಂಬಲಿಲ್ಲ. ತಿರುವಿನಲ್ಲಿ ಊರು ಮರೆಯಾದ ಮೇಲೆ ಆಕೆ ಒಮ್ಮೆ ಹಿಂದೆ ನೋಡಿ, ಕುಳಿತರು. ಮಂಜುಳಾ ಕಿಟಕಿಯ ಕಡೆ ಸರಿದಳು.

"ಬಸ್ ನಿಲ್ಲಿಸ್ಬೇಡಿ ಸಾರ್," ಎಂದರು ಗೌರಮ್ಮ ಮೆಲ್ಲಗೆ. "ನಾನ್ ಹೇಳ್ದೆ ಅಂತ ಮಾತ್ರ ಅನ್ಬೇಡಿ."

ಸರ್ಕಾರದ ಸೌಲಭ್ಯವನ್ನು ಯಾರಾದರೂ ಬೇಡವೆಂದರೆ, ಅದು ತಮಗಿಂತ ಮೊದಲು ಇನ್ನಾರಿಗೆ ಸಿಗುತ್ತಿದೆ ಎಂದು ನೋಡಬೇಕು. ನನ್ನ ಕೆಲಸ ಕಲಿಸಿದ್ದು ಇದು. ಅವರಿಗೆ ತಪ್ಪಿಸುವುದಾದರೆ ತಮ್ಮ ಪಾಲನ್ನೂ ಬಿಟ್ಟುಕೊಡಲು ಕೆಲವರು ತಯಾರಿರುತ್ತಾರೆ. ಆಗ ರಸ್ತೆ ಚೆನ್ನಾಗಿದೆ ಎಂದು ತೋರಿಸಿ ಪ್ರಯೋಜನವಿಲ್ಲ.

ಆದರೂ ಅಂದು ಸಂಜೆ ವರದಿಯಲ್ಲಿ ರಸ್ತೆ ಚೆನ್ನಾಗಿದೆ, ಬಸ್ಸು ಮುಂದುವರಿಯಲಿ ಎಂದೇ ಬರೆದೆ. ಸಹಿ ಹಾಕಿ ಸಲೀಂಗೆ ಫೋನ್ ಮಾಡಿದೆ.

"ನಾಳೆಯೂ ಕಾಲೊನಿಯಿಂದಲೇ ಹೊರಡಿ."

"ಮತ್ತೆ ಟವೆಲ್ ಬಂದ್ರೆ ಸಾರ್?"

"ವಾಪಸ್ ಕೊಡಿ. ಸೀಟು ಕೂತವರದು."